ಲೈನ್ ನಿಲ್ಲಿಸುತ್ತಿದ್ದ ವಸಂತ

ದೀಪದ ಬತ್ತಿ ಹೊಸೆಯುತ್ತ ಕುಳಿತಿದ್ದೆ, ಸೀವುಡ್ಸ್‌ನ ಮೈದುನನ ಮನೆಯಿಂದ ಫೋನು ಬಂತು. ನಮ್ಮವರ ತಮ್ಮ ವಸಂತ ಬೆಳಿಗ್ಗೆ ಏಳಲೇ ಇಲ್ಲವಂತೆ. ನಿದ್ದೆಯಲ್ಲೇ ಹೋದ, ನರಳಲಿಲ್ಲ. ಅಷ್ಟಾದರೂ ದೇವರ ದಯೆ. ಹತ್ತಿಯನ್ನು ಅಲ್ಲಿಗೇ ಬಿಟ್ಟೆ. ಸೂತಕದಲ್ಲಿ ದೀಪ ಹಚ್ಚುವ ಹಾಗಿಲ್ಲ.

ಉಡುಪಿಯಲ್ಲಿ ಡಿಪ್ಲೊಮಾ ಮುಗಿಸಿ ಡೊಂಬಿವಲಿಯ ನಮ್ಮ ಒಂದು ಕೋಣೆಯ ಮನೆಗೆ ಬಂದವನು ಅವನು. ರಬಾಳೆಯ ಮಿಕ್ಸಿ ಕಾರ್ಖಾನೆಯಲ್ಲಿ ಟ್ರೈನಿ. ಕೆಳಗಿನ ಮನೆಯಲ್ಲಿ ಚಟ್ನಿ ರುಬ್ಬುವ ಸದ್ದು ಕೇಳಿದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು.

"ಅವರ ಮಿಕ್ಸಿಯಲ್ಲಿ ಅಚ್ಚು ತಿರುಗುವ ಬುಷ್ ಸವೆದಿದೆ, ಅತ್ತಿಗೆ. ಹೇಳಿ ಬರ್ಲಾ?"

"ಮೊದಲು ಊಟ ಮಾಡು ಮಾರಾಯ. ಅವರೇನು ನಿನ್ನನ್ನು ಕರೆದ್ರಾ?"

ನನ್ನ ಅಡುಗೆಮನೆಯನ್ನೂ ಬಿಡಲಿಲ್ಲ. ಒಂದು ಆದಿತ್ಯವಾರ ನಾನು ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ಡಬ್ಬಿಗಳನ್ನೆಲ್ಲ ಕಾರ್ಖಾನೆಯ ಜೋಡಣೆ ಲೈನಿನ ಹಾಗೆ ಸಾಲಾಗಿ ಜೋಡಿಸಿದ್ದ. "ಕೈ ಹಿಂದೆ ಹೋಗ್ಬಾರ್ದು, ಮುಂದೇ ಹೋಗ್ತಾ ಇರ್ಬೇಕು." ಅಂದಿನ ಸಾರಿಗೆ ಉಪ್ಪಿನ ಬದಲು ಸಕ್ಕರೆ ಬಿತ್ತು. ಅವನೇ ಎರಡು ಸಲ ಬಡಿಸಿಕೊಂಡ, ಪಾಪ.

ಸೂಪರ್‌ವೈಸರ್ ಆದ ಮೇಲೆ ಒಮ್ಮೆ, ದೀಪಾವಳಿಯ ಮಾಲು ಹೊರಡುವ ಹೊತ್ತಿಗೆ, ಸದ್ದು ಸರಿಯಿಲ್ಲವೆಂದು ಇಡೀ ಲೈನ್ ನಿಲ್ಲಿಸಿದ. ಸಾಹೇಬರು ಎಲ್ಲರೆದುರು ಬೈದರು; ಆ ವರ್ಷದ ಪ್ರಮೋಷನ್ ಹೋಯಿತು. ಮನೆಗೆ ಬಂದು ಒಂದು ದೋಸೆ ಹೆಚ್ಚೇ ತಿಂದ. "ಹೋದ್ರೆ ಹೋಗ್ಲಿ. ಆ ಮಿಕ್ಸಿ ನಿಮ್ಮಂಥವರ ಅಡುಗೆಮನೆಗೇ ಅಲ್ವಾ ಹೋಗುದು?"

ಆಮೇಲೆ ದೇವರು ಕೊಟ್ಟ. ಶಿಫ್ಟ್ ಎಂಜಿನಿಯರ್ ಆದ, ಪ್ರೊಡಕ್ಷನ್ ಮ್ಯಾನೇಜರ್ ಆದ, ಸೀವುಡ್ಸ್‌ನಲ್ಲಿ ಫ್ಲ್ಯಾಟು ಕೊಂಡ. ಪ್ಲಾಂಟ್ ಹೆಡ್ ಆದ ದಿನ ಪೇಡೆ ತಂದು ದೇವರ ಮುಂದಿಟ್ಟ. ನಾನು ಕೈ ಮುಗಿದೆ. ಅವನು ಮುಗಿಯಲಿಲ್ಲ.

"ಈ ಸಲ ಮೇಲಿನವರು ಅಗ್ಗದ ಬುಷ್ ತರಿಸಿದ್ರು, ಅತ್ತಿಗೆ. ಸದ್ದು ನಂಗೆ ಕೇಳಿತು. ನಿಲ್ಲಿಸ್ಲಿಲ್ಲ. ನಿಲ್ಲಿಸಿದ್ರೆ ಈ ಪೇಡೆ ಇರ್ತಿರ್ಲಿಲ್ಲ."

ಮಳೆಗಾಲದ ಹೊತ್ತಿಗೆ ಸುಟ್ಟ ಮಿಕ್ಸಿಗಳು ಲಾರಿಯಲ್ಲಿ ವಾಪಸು ಬಂದವು. ಬುಷ್ ತರಿಸಿದವರನ್ನು ಯಾರೂ ಕೇಳಲಿಲ್ಲ. ಜೋಡಿಸಿದ್ದು ಸರಿಯಿಲ್ಲವೆಂದು ಕಾಂಟ್ರ್ಯಾಕ್ಟಿನ ಹೆಂಗಸರನ್ನು ಮನೆಗೆ ಕಳಿಸಿದರು. ಕಳಿಸಿದವನು ವಸಂತನೇ. ಅವರಲ್ಲೊಬ್ಬಳು ನಮ್ಮ ಪಕ್ಕದ ಕಟ್ಟಡದ ಶೋಭಾತಾಯಿ. ಅವಳಿಗೆ ಕೆಲಸ ಕಲಿಸಿದವನೂ ಅವನೇ.

ಈ ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಅವಳು ಬಂದಾಗ ವಸಂತ ನಮ್ಮಲ್ಲೇ ಇದ್ದ. ಅವಳನ್ನು ಕಂಡು ಎದ್ದು ನಿಂತ. ಎಳ್ಳುಂಡೆ ಕೊಟ್ಟು ಸಿಹಿ ಮಾತಾಡುವ ದಿನ ಅದು. "ತಿಳ್‌ಗುಳ್ ಘ್ಯಾ, ಸಾಹೇಬ" ಎಂದು ಒಂದು ಉಂಡೆ ಕೊಟ್ಟು, ನಗುತ್ತಲೇ ಮರಾಠಿಯಲ್ಲಿ ಕೇಳಿದಳು: "ಇಷ್ಟು ವರ್ಷ ಸರಿಯಿದ್ದ ನನ್ನ ಕೈ ಒಂದೇ ಸಲಕ್ಕೆ ಕೆಟ್ಟಿತಂತೆ. ಈ ಉಂಡೆ ನೋಡಿ ಹೇಳಿ, ಸರಿಯಾಗಿ ಕಟ್ಟಿದ್ದೇನಾ?"

ವಸಂತ ಉಂಡೆಯನ್ನು ಬಾಯಿಗೆ ಹಾಕಿಕೊಂಡ. ಅವಳು ಹೋದ ಮೇಲೆ ಅಂದ, "ಅವಳ ಕೆಲಸ ಸರಿಯಿತ್ತು, ಅತ್ತಿಗೆ. ನೀವು ಹೇಳ್ತೀರಾ ಅವಳಿಗೆ?"

"ನಾನು ಹೇಳಿದ್ರೆ ಏನು ಬಂತು? ನೀನೇ ಹೇಳ್ಬೇಕು."

"ಬರುವ ಆದಿತ್ಯವಾರ ಬರ್ತೇನೆ."

ಆ ಆದಿತ್ಯವಾರ ಮೀಟಿಂಗು ಬಂತು. ಅದರ ಮುಂದಿನದಕ್ಕೆ ಇನ್ನೊಂದು. ನಾನು ಅವನನ್ನು ನೋಡಿದ್ದು ಆ ಸಂಕ್ರಾಂತಿಯೇ ಕೊನೆ.

ಇವತ್ತು ಸುದ್ದಿ ಕೇಳಿ ಮೊದಲು ಓಡಿಬಂದವಳು ಶೋಭಾತಾಯಿ. ನನ್ನ ಬೆನ್ನು ಸವರಿದಳು. ತಡೆಯಲಾರದೆ ಹೇಳಿಬಿಟ್ಟೆ, ನಿನ್ನ ಕೆಲಸ ಸರಿಯಿತ್ತು ಅಂತ ಅವನೇ ಅಂದಿದ್ದ ಎಂದು.

"ಯಾವಾಗ ಅಂದರು?"

"ಸಂಕ್ರಾಂತಿಗೆ. ನೀನು ಹೋದ ಮೇಲೆ."

"ಆಗ ನಾನು ಕೆಳಗೆ ಗೇಟಿನ ಹತ್ತಿರವೇ ನಿಂತಿದ್ದೆನಲ್ಲ, ಭಾಭಿ," ಅಂದಳು.

ಒಳಗಿಂದ ನಮ್ಮವರು ತಮ್ಮನ ಮನೆಗೆ ಹೊರಡಲು ಬಿಳಿ ಪಂಚೆ ಕೇಳಿದರು. ಅದು ಬಾಲ್ಕನಿಯಲ್ಲಿ ಇನ್ನೂ ಒದ್ದೆಯೇ ಇತ್ತು. ಪುಣ್ಯಕ್ಕೆ ಕರೆಂಟಿತ್ತು. ಇಸ್ತ್ರಿ ಹಾಕಿ ಒಣಗಿಸಲು ಕುಳಿತೆ.