ಭಾರವಾದದ್ದು ಕೆಳಗೆ ಹೋಗುತ್ತದೆ

ಖಡಕ್ ರೊಟ್ಟಿಯನ್ನು ನೀರಿಗೆ ಹಾಕಿ ನೋಡಿದ್ದೀರಾ? ನಾನು ನೋಡಿರಲಿಲ್ಲ, ನೋಡಿದವಳ ಬಾಯಿ ಮುಚ್ಚಿಸಿದ್ದೆ. ಇಂದಿಗೂ ತಟ್ಟೆಯಲ್ಲಿ ರೊಟ್ಟಿ ಮುರಿಯುವ ಸದ್ದಾದರೆ ನನ್ನ ತಲೆ ತಾನಾಗಿ ತಗ್ಗುತ್ತದೆ.

ಸುನಾಮಿ ಬಂದುಹೋದ ಮರುತಿಂಗಳು. ಕೊಪ್ಪಳ ಜಿಲ್ಲೆಯ ಸಿದ್ದಾಪುರದ ಶಾಲೆಯಲ್ಲಿ ನಾನು ಸಮಾಜ ಪಾಠದ ಮಾಸ್ತರ. ಕಾಲುವೆಯ ನೀರನ್ನಷ್ಟೇ ಬಲ್ಲ ಮಕ್ಕಳು ಟೀವಿಯಲ್ಲಿ ಕಡಲು ಕಂಡು ಬೆದರಿ, ಅದು ಯಾಕೆ ಎದ್ದಿತೆಂದು ಕೇಳಿದ್ದರು. ಭೂಮಿಯ ಮೇಲ್ಪದರ ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ, ಒಂದು ಇನ್ನೊಂದರ ಅಡಿಗೆ ನುಗ್ಗುತ್ತದೆ, ಸಿಕ್ಕಿಕೊಂಡ ಅಂಚು ಒಮ್ಮೆಲೇ ಬಿಡಿಸಿಕೊಂಡು ಚಿಮ್ಮಿದಾಗ ಮೇಲಿನ ನೀರೂ ಏಳುತ್ತದೆ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಬಲ ಇಲ್ಲದ್ದು ಸೋತು ಕೆಳಗೆ ಹೋಗುತ್ತದೆ" ಎಂದು ನನ್ನದೊಂದು ಅಂದಾಜನ್ನು ಶಾಸ್ತ್ರದಂತೆ ಸೇರಿಸಿದೆ.

ಬಿಸಿಯೂಟದ ಅಡುಗೆ ಮಾಡುವ ಹುಸೇನಬಿ ಮಕ್ಕಳ ಲೆಕ್ಕ ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದಳು. "ಸರ, ಸೋತದ್ದಲ್ಲ ಅನಸ್ತೈತ್ರಿ. ಭಾರ ಆದದ್ದು ಹೋಗಿರಬೇಕು. ನೀರಾಗ ಎರಡು ರೊಟ್ಟಿ ಬಿಟ್ಟು ನೋಡ್ರಿ, ಮೊದಲ ನೆನೆದ ರೊಟ್ಟಿ ಒಣ ರೊಟ್ಟಿ ಅಡಿಗೆ ಜಾರ್ತೈತಿ."

"ನೀ ಸಾರು ನೋಡ್ಕೊ ಹುಸೇನಬಿ, ಭೂಮಿ ನಾವು ನೋಡ್ಕೋತೀವಿ" ಎಂದೆ. ತರಗತಿ ಘೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅವಳು ಸೆರಗು ಸರಿಮಾಡಿಕೊಂಡು ಹೋದಳು.

ಕೆಲವು ವಾರಗಳ ನಂತರ ಕೊಪ್ಪಳದಲ್ಲಿ ಶಿಕ್ಷಕರ ತರಬೇತಿ. ಕಡಲತಳದ ಫಲಕ ಹಳೆಯದಾದಷ್ಟೂ ತಣಿದು ಭಾರವಾಗುತ್ತದೆ, ತನ್ನ ಭಾರಕ್ಕೆ ತಾನೇ ಕುಸಿಯುತ್ತ ಉಳಿದದ್ದನ್ನೂ ಎಳೆದೊಯ್ಯುತ್ತದೆ ಎಂದರು ಉಪನ್ಯಾಸಕರು. ಅವತ್ತು ಬಾಗಿಲಲ್ಲಿ ನಿಂತು ಅವಳು ಹೇಳಿದ್ದೂ ಇದನ್ನೇ. ಇದನ್ನು ಮಕ್ಕಳಿಗೆ ಹೇಗೆ ತಿಳಿಸುತ್ತೀರಿ ಎಂದು ಅವರು ಕೇಳಿದಾಗ, ಸ್ನೇಹಿತರೇ, ನಾನು ಕೈ ಎತ್ತಿದೆ. ಎದ್ದು ನಿಂತು ರೊಟ್ಟಿಯ ಉದಾಹರಣೆ ಹೇಳಿದೆ. ಚಪ್ಪಾಳೆ ಬಿತ್ತು. ಹುಸೇನಬಿಯ ಹೆಸರು ನಾಲಗೆಯ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡು ಕುಳಿತೆ. ಅರಿಯದೆ ಆಡಿದ ಮಾತಿಗೆ ಕ್ಷಮೆಯುಂಟು. ಅರಿತ ಮೇಲೆ ಮಾಡಿದ ಈ ಕಳವಿಗೆ ಯಾವ ಹೆಸರಿಡಲಿ?

ಮರುದಿನ ಅಡುಗೆಕೋಣೆಗೆ ಹೋಗಿ, "ಹುಸೇನಬಿ, ಅವತ್ತು ನೀವು ಹೇಳಿದ್ದೇ ಖರೆ. ತಪ್ಪಾತು" ಎಂದೆ. ಚಪ್ಪಾಳೆಯ ಕಥೆಯನ್ನೂ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ತಪ್ಪಾತು ಅಂತ ಇಲ್ಲಿ ಒಲಿ ಮುಂದ ಹೇಳಾಕತ್ತೀರಿ ಸರ. ನಕ್ಕದ್ದು ಎಲ್ಲಾರ ಮುಂದ."

ಶಾಲೆಯ ಅಂಗಳ ದಾಟಿ ತರಗತಿಗೆ ಬಂದ ಆ ದಿನದಷ್ಟು ನನ್ನ ಕಾಲುಗಳು ಎಂದೂ ಭಾರವಾಗಿರಲಿಲ್ಲ. ಮಕ್ಕಳೆದುರು ಎಲ್ಲವನ್ನೂ ಹೇಳಿದೆ: ತಪ್ಪು ಪಾಠ, ಕದ್ದ ಉದಾಹರಣೆ, ಅದರ ಒಡತಿಯ ಹೆಸರು. ಯಾರೂ ನಗಲಿಲ್ಲ, ನಕ್ಕಿದ್ದರೆ ಹಗುರವಾಗುತ್ತಿತ್ತೇನೋ. ಹುಡುಗಿಯೊಬ್ಬಳು ಓಡಿಹೋಗಿ ಸುದ್ದಿ ಹೇಳಿ ಹುಸೇನಬಿಯನ್ನು ಕರೆತಂದಳು. ಮಕ್ಕಳೆಲ್ಲ ಎದ್ದು ನಿಂತರು. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದಳು.

"ಆತು ಬಿಡ್ರಿ. ಹಂಗಾರ ಸರ, ಕೆಳಗ ಹೋದದ್ದು ತಳಾ ಮುಟ್ಟಾಕ ಎಷ್ಟು ವರ್ಷ ಬೇಕಾಗ್ತೈತ್ರಿ?"

ಅಷ್ಟು ವರ್ಷ ಪಾಠ ಮಾಡಿದ ಬಾಯಿಗೆ ಆ ಮಾತು ಮೊದಲ ಸಲ ಬಂತು. "ಗೊತ್ತಿಲ್ರಿ. ಓದಿ ಬಂದು ಹೇಳ್ತೀನಿ" ಎಂದೆ.