ಚೆಂಡು ಕಾಣೆಯಾದ ಹನ್ನೆರಡು ದಿನ

ಫ್ಯಾಕ್ಸನ್ ಚಿಶಿಂಬ ಮೂವತ್ತಾರು ವರ್ಷ ಮಾಡಿದ್ದು ಒಂದೇ ಕೆಲಸ: ನೆಲದಡಿಯ ನೀರಿನ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು. ಆ ಅವಧಿಯಲ್ಲಿ ಲುವಾನ್ಷ್ಯಾದ ತಾಮ್ರದ ಗಣಿ ಕೈ ಬದಲಾಯಿಸಿತು, ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ನೀರಿನ ವ್ಯವಸ್ಥೆಯೂ ಗಣಿಯವರಿಂದ ಊರಿನವರಿಗೆ ಬಂತು. ಕೊಳವೆಗಳು ಮಾತ್ರ ಯಾರ ಕೈಯಲ್ಲಿದ್ದರೂ ಸೋರುತ್ತಲೇ ಇದ್ದವು. ಆದ್ದರಿಂದ ಅವರ ಕೆಲಸ ಹೋಗಲಿಲ್ಲ.

ನಿವೃತ್ತರಾದ ಮೇಲೆ ಅವರು ಅದೇ ಊರಿನ ಗಣಿ ಬಡಾವಣೆಯಾದ ಮ್ಪಟಮಟುವಿನ ಇಪ್ಪತ್ತೈದನೆಯ ಸೆಕ್ಷನ್ನಿನಲ್ಲಿ, ಮುಚ್ಚಿಹೋಗಿದ್ದ ಬಿಯರ್ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದು ವಿಡಿಯೋ ಆಟದ ಮನೆ ತೆರೆದರು. ಕುಡಿತದ ಜಾಗವನ್ನು ಆಟದ ಜಾಗ ಮಾಡಿದ್ದಕ್ಕೆ ಚರ್ಚಿನವರು ಹೊಗಳಲಿಲ್ಲ, ಬೈಯಲೂ ಇಲ್ಲ. ಆರು ಕಂಪ್ಯೂಟರುಗಳಿದ್ದವು. ಆರೂ ಯಾವುದೋ ಕಚೇರಿ ಹರಾಜಿಗೆ ಹಾಕಿದವು. ಗೆದ್ದವನು ಕೂತಿರಬೇಕು, ಸೋತವನು ಎದ್ದು ಹೋಗಬೇಕು. ಸಮವಸ್ತ್ರದಲ್ಲಿ ಬಂದ ಮಕ್ಕಳನ್ನು ಮೂರು ಗಂಟೆಯವರೆಗೆ ಒಳಗೆ ಬಿಡುವುದಿಲ್ಲ. ಸೋತವನ ತಾಯಿಯ ಹೆಸರೆತ್ತುವಂತಿಲ್ಲ. ನಿಯಮ ಇಷ್ಟೇ.

ಮಗಳು ಮುತಾಲೆ ಹುಟ್ಟಿದಂದಿನಿಂದ ಊರಿಗೆ ಅವರು ಬಶಿ ಮುತಾಲೆ, ಅಂದರೆ ಮುತಾಲೆಯ ಅಪ್ಪ. ಹೆಂಡತಿ ಬನಾ ಮುತಾಲೆ. ಮಗಳು ಈಗ ಸೆಕೆಂಡರಿ ಶಾಲೆಯಲ್ಲಿ ಗಣಿತ ಮತ್ತು ಕಂಪ್ಯೂಟರ್ ಕಲಿಸುತ್ತಾಳೆ. ಹಳೆಯ ವಿಂಡೋಸ್‌ಗೆ ಇನ್ನು ಮುಂದೆ ರಿಪೇರಿ ಇಲ್ಲ, ಹೊಸದಕ್ಕೆ ಈ ಯಂತ್ರಗಳು ಸಾಲವು ಎಂದು ಗೊತ್ತಾದಾಗ ಆರರಲ್ಲೂ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದವಳು ಅವಳೇ.

"ಆದ್ರೆ ಆಟ ಎಲ್ಲಾ ವಿಂಡೋಸ್‌ಗೆ ಮಾಡಿದ್ದಲ್ವೇನೆ?" ಎಂದು ಅಪ್ಪ ಕೇಳಿದ್ದರು.

"ಚರ್ಚಲ್ಲಿ ಪಾದ್ರಿ ಇಂಗ್ಲಿಷಲ್ಲಿ ಹೇಳ್ತಾರೆ, ಪಕ್ಕದಲ್ಲಿ ನಿಂತವ್ರು ನಮ್ಮ ಬೆಂಬಾದಲ್ಲಿ ಹೇಳ್ತಾರೆ. ನಿಮಗೆ ದೇವರು ಅರ್ಥ ಆಗ್ಲಿಲ್ವಾ? ಇಲ್ಲೂ ಹಾಗೆ ಒಬ್ಬ ದುಭಾಷಿ ಇದ್ದಾನೆ ಅಪ್ಪ. ಆಟ ವಿಂಡೋಸ್ ಮಾತಾಡತ್ತೆ, ಇವನು ಲಿನಕ್ಸ್‌ಗೆ ತಿಳಿಸ್ತಾನೆ."

"ಆ ದುಭಾಷಿ ನಮ್ಮ ಚರ್ಚಿನವನ ಹಾಗೆ ತನ್ನದೂ ಎರಡು ಮಾತು ಸೇರಿಸದಿದ್ರೆ ಸರಿ."

ದುಭಾಷಿ ಒಳ್ಳೆಯವನೇ ಆಗಿದ್ದ. ಫುಟ್‌ಬಾಲ್ ನಡೆಯಿತು, ಕಾರಿನ ಓಟ ನಡೆಯಿತು, ಕುಸ್ತಿ ಮೊದಲಿಗಿಂತ ಚುರುಕಾಗಿ ನಡೆಯಿತು. ಕೆಲವು ಆಟಗಳು ಮಾತ್ರ ತೆರೆಯಲಿಲ್ಲ. ಅವು ಅಂತರ್ಜಾಲದಲ್ಲಿ ಪರದೇಶದವರ ಜೊತೆ ಆಡುವಂಥವು. ಆಟಗಾರ ಮೋಸ ಮಾಡುತ್ತಾನೇನೋ ಎಂದು ಯಂತ್ರದ ಒಳಗೆಲ್ಲ ಇಣುಕಿ ನೋಡುವ ಕಾವಲುಗಾರನನ್ನು ಅವುಗಳ ತಯಾರಕರು ಇಟ್ಟಿದ್ದಾರೆ, ಆ ಕಾವಲುಗಾರ ಲಿನಕ್ಸನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾನೆ. ಫ್ಯಾಕ್ಸನ್ ಅಂಥ ಆಟಗಳ ಹೆಸರನ್ನು ಒಂದು ಹಲಗೆಯ ಮೇಲೆ ಬರೆದು, ಕೆಳಗೆ 'ಇವು ಇಲ್ಲಿ ಇಲ್ಲ, ವಾದ ಬೇಡ' ಎಂದು ಸೇರಿಸಿ ಗೋಡೆಗೆ ಹಾಕಿದರು. ಯಾರೂ ಆಟದ ಮನೆ ಬಿಟ್ಟು ಹೋಗಲಿಲ್ಲ. ಹೋಗಲು ಬೇರೆ ಆಟದ ಮನೆಯೂ ಹತ್ತಿರದಲ್ಲಿರಲಿಲ್ಲ.

ಒಂದು ಸೋಮವಾರ ಮುತಾಲೆ ಆರು ಯಂತ್ರಗಳನ್ನೂ ಲಿನಕ್ಸ್‌ನ ಹೊಸ ಆವೃತ್ತಿಗೆ ಏರಿಸಿದಳು. ಸಂಜೆ ಕಾಂಗ್ವ ಬಂದು ಕೂತ. ಕಾಂಗ್ವ ವೆಲ್ಡಿಂಗ್ ಕೆಲಸದವನು, ಮೂವತ್ತು ದಾಟಿದವನು, ಆ ಮನೆಯಲ್ಲಿ ಅವನನ್ನು ಕುರ್ಚಿಯಿಂದ ಎಬ್ಬಿಸಿದವರು ವಿರಳ. ಐದು ನಿಮಿಷದಲ್ಲಿ ಅವನ ಕೂಗು ಕೇಳಿತು.

"ಬಶಿ ಮುತಾಲೆ! ಚೆಂಡೆಲ್ಲಿ?"

ಮೈದಾನವಿತ್ತು, ಆಟಗಾರರಿದ್ದರು, ಗೋಲಿನ ಬಲೆ ಅಲುಗುತ್ತಿತ್ತು. ಚೆಂಡು ಇರಲಿಲ್ಲ. ಇಪ್ಪತ್ತೆರಡು ಜನ ಏನೂ ಇಲ್ಲದ್ದರ ಹಿಂದೆ ಓಡುತ್ತಿದ್ದರು.

"ನೀನೇ ಒದ್ದು ಎಲ್ಲೋ ಕಳಿಸಿರ್ತೀಯ," ಎಂದರು ಫ್ಯಾಕ್ಸನ್.

"ನಮ್ಮ ರಾಷ್ಟ್ರೀಯ ತಂಡಾನೂ ಹೀಗೇ ಆಡೋದು, ಆದ್ರೆ ಅಲ್ಲಿ ಚೆಂಡಾದ್ರೂ ಕಾಣತ್ತೆ," ಎಂದ ಕಾಂಗ್ವ. ಆಟಗಾರರ ಕಾಲು ನೋಡಿಕೊಂಡೇ ಅವನು ಆ ಪಂದ್ಯ ಎರಡು ಗೋಲಿನಿಂದ ಗೆದ್ದ. ಸೋತವನು ಅದನ್ನು ಒಪ್ಪಲಿಲ್ಲ.

ಹಳೆಯ ಆವೃತ್ತಿಗೆ ಇಳಿಸಿದರೆ ಚೆಂಡು ಬರುತ್ತಿತ್ತು. ಅದು ದೊಡ್ಡ ವಿಷಯವಲ್ಲ. ದೊಡ್ಡ ವಿಷಯವನ್ನು ಮುತಾಲೆ ಆ ತಂತ್ರಾಂಶ ಕಟ್ಟುವವರ ಪುಟದಲ್ಲಿ ಓದಿದಳು. ಈ ಹಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಚಿತ್ರ ಬಿಡಿಸಲು ಹೇಳುವ ಡ್ರೈವರ್ ಕೆಟ್ಟಿದೆ, ಆ ಕಾರ್ಡ್ ನಮ್ಮಲ್ಲಿ ಯಾರ ಬಳಿಯೂ ಇಲ್ಲ, ಎಲ್ಲಿ ಕೆಟ್ಟಿದೆ ಎಂದು ಮುಂದಿನ ವಾರದ ಶುಕ್ರವಾರ ಸಂಜೆಯೊಳಗೆ ತೋರಿಸುವವರಿಲ್ಲದಿದ್ದರೆ ಅದರ ಬೆಂಬಲವನ್ನೇ ತೆಗೆದುಹಾಕುತ್ತೇವೆ ಎಂದು ಅಲ್ಲಿ ಬರೆದಿತ್ತು. ಬರೆದವಳು ಬ್ರ್ನೊ ಎಂಬ ಝೆಕ್ ಊರಿನ ಜಿತ್ಕಾ ಎಂಬಾಕೆ.

"ತೆಗೆದ್ರೆ ಏನಾಗತ್ತೆ?" ಎಂದರು ಫ್ಯಾಕ್ಸನ್.

"ಇವತ್ತಿನ ಆಟ ಇವತ್ತಿಗೆ ನಡೀತವೆ. ಬರೋ ವರ್ಷದ್ದು ಒಂದೂ ನಡಿಯಲ್ಲ. ಹಳೇ ಕಾರ್ಡಿನ ಯಂತ್ರ ಎಲ್ಲಾ ಗುಜರಿಗೆ."

"ಎಷ್ಟು ಜಾಗದಲ್ಲಿ ಹುಡುಕ್ಬೇಕು?"

"ಹಿಂದಿನ ಆವೃತ್ತಿಗೂ ಇದಕ್ಕೂ ನಡುವೆ ನಾಲ್ಕು ಸಾವಿರ ಬದಲಾವಣೆ ಆಗಿದಾವೆ ಅಪ್ಪ. ಅದ್ರಲ್ಲಿ ಒಂದು. ಅದಕ್ಕೆ ಒಂದು ವಿಧಾನ ಇದೆ. ನಡುವಿಂದು ತಗೊಂಡು..."

"ನಡುವಿನ ವಾಲ್ವ್ ಮುಚ್ಚೋದು," ಎಂದರು ಅಪ್ಪ. "ಆಚೆ ಒತ್ತಡ ಇಳಿದ್ರೆ ಸೋರಿಕೆ ಆಚೆ. ಇಳೀದಿದ್ರೆ ಈಚೆ. ಮತ್ತೆ ಉಳಿದ ಅರ್ಧದ ನಡು. ಇದನ್ನ ನೀನು ನನಗೆ ಹೇಳ್ಕೊಡ್ತೀಯಾ?"

ಮುತಾಲೆ ವಿವರಣೆ ಬಿಟ್ಟು ಲೆಕ್ಕಕ್ಕೆ ಇಳಿದಳು. ಅರ್ಧ, ಅದರ ಅರ್ಧ, ಅದರ ಅರ್ಧ ಎಂದು ಹೋದರೆ ನಾಲ್ಕು ಸಾವಿರ ಹನ್ನೆರಡು ಸಲದಲ್ಲಿ ಒಂದಕ್ಕೆ ಇಳಿಯುತ್ತದೆ. ಒಂದೊಂದು ಸಲವೂ ಆ ಹಂತದ ಡ್ರೈವರನ್ನು ಯಂತ್ರದಲ್ಲಿ ಹೊಸದಾಗಿ ಕಟ್ಟಬೇಕು, ಆಟ ತೆರೆದು ಚೆಂಡು ಇದೆಯೇ ನೋಡಬೇಕು, ಇದ್ದರೆ 'ಸರಿ', ಇಲ್ಲದಿದ್ದರೆ 'ಕೆಟ್ಟಿದೆ' ಎಂದು ಹೇಳಬೇಕು. ಕಟ್ಟುವುದಕ್ಕೆ ಆ ಮುದಿ ಯಂತ್ರಕ್ಕೆ ಹತ್ತಿರ ಹತ್ತಿರ ಎರಡು ಗಂಟೆ ಬೇಕು. ಆ ಮಂಗಳವಾರ ಸರದಿ ಬದಲಾಗಿ, ಇಪ್ಪತ್ತೈದನೆಯ ಸೆಕ್ಷನ್ನಿಗೆ ಕರೆಂಟು ಸಂಜೆಯ ಬದಲು ಬೆಳಿಗ್ಗೆ ಐದರಿಂದ ಒಂಬತ್ತರವರೆಗೆ ಮಾತ್ರ. ದಿನಕ್ಕೆ ಎರಡು, ಆರು ದಿನ. ಮಗಳು ಆಜ್ಞೆಗಳನ್ನು ಕಾಗದದ ಮೇಲೆ ಬರೆದುಕೊಟ್ಟು ಶಾಲೆಗೆ ಹೋದಳು. ಬುಧವಾರ ಬೆಳಿಗ್ಗೆ ಫ್ಯಾಕ್ಸನ್ ಶುರು ಮಾಡಿದರು.

ಕಟ್ಟುವಾಗ ಮಾಡುವುದಕ್ಕೇನೂ ಇರುವುದಿಲ್ಲ. ಅವರು ಬದಲಾವಣೆಗಳ ಪಟ್ಟಿಯನ್ನು ಓದುತ್ತ ಕೂತರು. ವಿಷಯ ತಿಳಿಯಲಿಲ್ಲ, ಹೆಸರುಗಳು ತಿಳಿದವು. ಪ್ರತಿ ಬದಲಾವಣೆಯ ಕೆಳಗೆ ಮಾಡಿದವರ ಹೆಸರು, ನೋಡಿದವರ ಹೆಸರು, ಪರೀಕ್ಷಿಸಿದವರ ಹೆಸರು. ಕೆಲವರಿಗೆ ಸಂಬಳವಿದೆ, ಕೈಯಲ್ಲಿ ಹಿಡಿದು ಆಡುವ ಯಂತ್ರ ಮಾರುವ ಕಂಪನಿಯೊಂದು ಲಿನಕ್ಸ್ ಆಟಕ್ಕೆ ದುಡ್ಡು ಸುರಿಯುತ್ತಿದೆ ಎಂದು ಮುತಾಲೆ ಹೇಳಿದ್ದಳು. ಉಳಿದವರಿಗೆ ಯಾರೂ ಏನೂ ಕೊಡುವುದಿಲ್ಲ. ತಾವು ಎಂದೂ ಕಾಣದ ಬೀದಿಯಲ್ಲಿ ನೀರು ಬರಲೆಂದು ಇವರು ಕೊಳವೆ ಸರಿಮಾಡುತ್ತಿದ್ದಾರೆ ಎಂದು ಫ್ಯಾಕ್ಸನ್ನರಿಗೆ ಅನಿಸಿತು. ಅವರು ಆ ಹೆಸರುಗಳನ್ನು ಒಂದೊಂದಾಗಿ ತುಟಿ ಅಲುಗಿಸಿ ಓದಿದರು. ಉಚ್ಚಾರ ಬಹುಶಃ ತಪ್ಪಿತ್ತು.

"ಏನು, ಪ್ರಾರ್ಥನೆನಾ?" ಎಂದು ಬನಾ ಮುತಾಲೆ ಗಂಜಿ ತಂದಿಟ್ಟರು.

"ಒಂಥರಾ."

"ಹಾಗಾದ್ರೆ ಮಂಡಿಯೂರಿ ಓದಿ. ಆಮೇಲೆ ಗಂಜಿ ಆರಿಹೋಯ್ತು ಅನ್ನಬೇಡಿ."

ಹನ್ನೆರಡನೆಯ ಸಲ ಸೋಮವಾರ ಮುಗಿಯಿತು. ಒಂದು ಬದಲಾವಣೆ ಸಿಕ್ಕಿತು. ಮುತಾಲೆ ಅದರ ಗುರುತಿನ ಅಂಕಿಯನ್ನು ಜಿತ್ಕಾಗೆ ಕಳಿಸಿದಳು. ಬುಧವಾರ ಬೆಳಿಗ್ಗೆ ಉತ್ತರ ಬಂತು. ಬಹಳ ಶ್ರಮ ಪಟ್ಟಿದ್ದೀರಿ, ಕೃತಜ್ಞತೆಗಳು, ಆದರೆ ಈ ಬದಲಾವಣೆಯಲ್ಲಿ ಒಂದು ಸೂಚನಾ ಪುಟದ ಭಾಷೆ ತಿದ್ದಿದ್ದಾರೆ ಅಷ್ಟೇ, ಅದರಿಂದ ಚೆಂಡು ಮಾಯವಾಗಲು ಸಾಧ್ಯವಿಲ್ಲ.

ಕಾಂಗ್ವ ನಕ್ಕ. "ಆರು ದಿನ ಹುಡುಕಿ ಕಾಗದ ಹಿಡ್ಕೊಂಡು ಬಂದ್ರಾ ಬಶಿ ಮುತಾಲೆ? ನಿಮ್ಮನ್ನ ನಂಬಿ ನಾವು ಮೂವತ್ತಾರು ವರ್ಷ ನೀರು ಕುಡಿದ್ವಲ್ಲ!"

ಬನಾ ಮುತಾಲೆ ಎದುರಿಗೇ ನಿಂತಿದ್ದರು, ಅದೂ ಸಹಾಯವಾಗಲಿಲ್ಲ. ಫ್ಯಾಕ್ಸನ್ ತಾವು ಬರೆದಿಟ್ಟ ಹಾಳೆಯನ್ನು ಮುಂದಿಟ್ಟುಕೊಂಡು ಕೂತರು. ಮೊದಲ ಆರು ಸಲ: ಸರಿ, ಕೆಟ್ಟಿದೆ, ಕೆಟ್ಟಿದೆ, ಸರಿ, ಕೆಟ್ಟಿದೆ, ಸರಿ. ಏಳನೆಯದು: ಸರಿ. ಆಮೇಲೆ ಐದು ಸಲವೂ ಕೆಟ್ಟಿದೆ, ಕೆಟ್ಟಿದೆ, ಕೆಟ್ಟಿದೆ, ಕೆಟ್ಟಿದೆ, ಕೆಟ್ಟಿದೆ.

ಕೊಳವೆಯ ಕೆಲಸದಲ್ಲಿ ಇದು ಅವರಿಗೆ ಹಳೆಯ ಪಾಠ. ಒಂದು ಜಾಗದಿಂದ ಮುಂದೆ ಎಲ್ಲ ವಾಲ್ವುಗಳೂ ಒಂದೇ ಉತ್ತರ ಕೊಟ್ಟರೆ, ಆ ಜಾಗದಲ್ಲಿ ನೀನು ತಪ್ಪು ಕಡೆ ತಿರುಗಿದ್ದೀಯ, ನಿಜವಾದ ಸೋರಿಕೆಯನ್ನು ಬೆನ್ನ ಹಿಂದೆ ಬಿಟ್ಟು ಬಂದಿದ್ದೀಯ. ಏಳನೆಯ ಸಲ ಏನಾಗಿತ್ತು? ಶನಿವಾರ. ಕರೆಂಟು ಬಂದ ಹೊಡೆತಕ್ಕೆ, ಅದುವರೆಗೆ ಪರೀಕ್ಷೆ ನಡೆಸುತ್ತಿದ್ದ ಎರಡನೆಯ ಯಂತ್ರದ ಪವರ್ ಸಪ್ಲೈ ಸುಟ್ಟಿತ್ತು. ಹೊತ್ತು ಹೋಗಬಾರದೆಂದು ಅದರ ಡಿಸ್ಕನ್ನು ಬಿಚ್ಚಿ ಐದನೆಯ ಯಂತ್ರಕ್ಕೆ ಹಾಕಿ ನೋಡಿದ್ದರು. ಎಂಟನೆಯ ಸಲಕ್ಕೆ ಬೇರೊಂದರ ಪವರ್ ಸಪ್ಲೈ ತೆಗೆದು ಹಾಕಿ ಎರಡನೆಯದನ್ನೇ ಮತ್ತೆ ನಡೆಸಿದ್ದರು. ಐದನೆಯದರ ಕಾರ್ಡ್ ಕಳೆದ ವರ್ಷ ಕೆಟ್ಟು, ಮುತಾಲೆ ಬೇರೆ ಹೊಸದನ್ನು ಹಾಕಿದ್ದಳು. ಆ ಕಾರ್ಡಿನಲ್ಲಿ ಚೆಂಡು ಎಂದೂ ಕಾಣೆಯಾಗಿರಲೇ ಇಲ್ಲ.

"ಕೊಳವೆದು ತಪ್ಪಿಲ್ಲ, ನನ್ನ ಕೈಯ್ದು," ಎಂದರು. "ಮುತಾಲೆ, ಬರಿ. ಏಳನೇ ಸಲ ನಾನು ಬೇರೆ ಯಂತ್ರದಲ್ಲಿ ನೋಡಿದೆ. ತಪ್ಪು ನನ್ನದು. ಅಲ್ಲಿಂದ ಮತ್ತೆ ಮಾಡ್ತೀನಿ."

"ಎಲ್ಲರೂ ಓದೋ ಪುಟ ಅಪ್ಪ ಅದು. ಹೆಸರು ಹಾಕ್ಬೇಕಾ?"

"ಸೋರಿದ್ದೆಲ್ಲಿ ಅಂತ ಎಲ್ಲರಿಗೂ ಹೇಳಿ, ನಾನು ಅಗೆದ ತಪ್ಪು ಗುಂಡಿ ಮಾತ್ರ ಮುಚ್ಚಿಡ್ಲಾ? ಬರಿ."

ಉಳಿದಿದ್ದು ಆರು ಸಲ, ಎರಡು ದಿನ. ದಿನಕ್ಕೆ ಎರಡರಂತೆ ನಾಲ್ಕೇ ಆಗುತ್ತಿತ್ತು. ಎಲ್ಲರೂ ಮತ್ತೆ ಲೆಕ್ಕ ಹಾಕುತ್ತಿರುವಾಗ ಬನಾ ಮುತಾಲೆ, "ನನ್ನ ತಂಗಿ ಮನೇಲಿ ಮಧ್ಯಾಹ್ನ ಒಂದರಿಂದ ಐದು ಕರೆಂಟಿರತ್ತೆ," ಎಂದರು. ತಂಗಿಯ ಮನೆ ಇಪ್ಪತ್ತೊಂದನೆಯ ಸೆಕ್ಷನ್ನಿನಲ್ಲಿ. ಕರೆಂಟು ಮನೆಗೆ ಬಾರದಿದ್ದರೆ ಯಂತ್ರವೇ ಕರೆಂಟಿನ ಮನೆಗೆ ಹೋಗಬೇಕು.

ಗುರುವಾರ ಬೆಳಿಗ್ಗೆ ಎರಡು ಸಲ ಇಲ್ಲಿ ಮುಗಿಸಿ, ಯಂತ್ರವನ್ನೂ ಪರದೆಯನ್ನೂ ಬನಾ ಮುತಾಲೆ ಉಡುವ ಎರಡು ಚಿತೆಂಗೆ ಬಟ್ಟೆಯಲ್ಲಿ ಸುತ್ತಿ ಕೈಗಾಡಿಯಲ್ಲಿಟ್ಟರು. ತಳ್ಳಿದವನು ಕಾಂಗ್ವ. ಅಂದಿನ ವೆಲ್ಡಿಂಗ್ ಕೆಲಸ ಬಿಟ್ಟು ಬಂದಿದ್ದ.

"ಗುಂಡಿ ನೋಡ್ಕೊಂಡು ತಳ್ಳೋ," ಎಂದರು ಫ್ಯಾಕ್ಸನ್.

"ಈ ಗುಂಡಿ ಎಲ್ಲಾ ನೀವೇ ಅಗೆದಿದ್ದಲ್ವಾ ಬಶಿ ಮುತಾಲೆ? ಒಂದೊಂದರ ಹೆಸ್ರು ಹೇಳಿ, ನಮಸ್ಕಾರ ಮಾಡ್ಕೊಂಡು ಹೋಗ್ತೀನಿ."

ಅಲ್ಲಿ ಇನ್ನೆರಡು ಸಲ ಆಯಿತು. ಶುಕ್ರವಾರ ಬೆಳಿಗ್ಗೆ ಇಪ್ಪತ್ತೈದನೆಯ ಸೆಕ್ಷನ್ನಿಗೆ ಕರೆಂಟು ಬರಲೇ ಇಲ್ಲ. ಕಾರಣ ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಕೊನೆಯ ಎರಡಕ್ಕೂ ಕೈಗಾಡಿಯೇ ಗತಿಯಾಯಿತು. ಒಂದು ಗಂಟೆಗೆ ಶುರುವಾದದ್ದು ನಾಲ್ಕೂಮುಕ್ಕಾಲಿಗೆ ಮುಗಿಯಿತು. ಈ ಸಲ ಸಿಕ್ಕ ಬದಲಾವಣೆ ನಾಲ್ಕೇ ಸಾಲಿನದು. ಮುತಾಲೆ ತನ್ನ ಫೋನಿನಿಂದ ಅದರ ಗುರುತನ್ನು ಕಳಿಸಿದಳು. ಅಷ್ಟರಲ್ಲಿ ಐದಾಯಿತು, ಪರದೆ ಆರಿತು.

ಜಿತ್ಕಾಳ ಉತ್ತರಕ್ಕೆ ಕಾಯಬೇಕಾಗಲಿಲ್ಲ. "ಇದೇ. ಇದನ್ನು ಬರೆದವಳು ನಾನೇ. ಹೊಸ ಕಾರ್ಡುಗಳನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಬರೆದೆ. ಕ್ಷಮಿಸಿ."

ಶನಿವಾರ ತಿದ್ದಿದ ಡ್ರೈವರ್ ಬಂತು, ಚೆಂಡೂ ಬಂತು. ಕಾಂಗ್ವ ಮೊದಲ ಪಂದ್ಯದಲ್ಲೇ ಸೋತ. ಕಣ್ಣಿಗೆ ಕಾಣುವ ಚೆಂಡಿನ ಅಭ್ಯಾಸ ತಪ್ಪಿಹೋಗಿದೆ ಎಂದು ಅವನ ವಾದ. ತಿದ್ದುಪಡಿಯ ಕೆಳಗೆ 'ಹುಡುಕಿದವರು, ಪರೀಕ್ಷಿಸಿದವರು: ಫ್ಯಾಕ್ಸನ್ ಚಿಶಿಂಬ' ಎಂದಿತ್ತು. ಬಶಿ ಮುತಾಲೆ ಎಂದು ಹಾಕಿದ್ದರೆ ಊರಿಗೆ ಗೊತ್ತಾಗುತ್ತಿತ್ತು ಎಂದರು ಬನಾ ಮುತಾಲೆ.

ತಿದ್ದುಪಡಿಯ ಜೊತೆ ಜಿತ್ಕಾಳ ಪತ್ರವೂ ಬಂದಿತ್ತು, ಮುತಾಲೆ ಅದನ್ನು ಎರಡು ಸಲ ಓದಿ ಹೇಳಿದಳು. ಬೆಂಬಲ ತೆಗೆಯುವುದನ್ನು ನಿಲ್ಲಿಸಿದ್ದೇವೆ. ಎಂದೆಂದಿಗೂ ಇರುತ್ತದೆ ಎಂದು ಮಾತು ಕೊಡಲಾರೆವು. ಪ್ರತಿ ಮೂರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುವ ಮುನ್ನ ಆ ಕಾರ್ಡಿನಲ್ಲಿ ನೋಡಿ ಹೇಳುವವರು ಒಬ್ಬರು ಇರುವವರೆಗೆ ಇರುತ್ತದೆ. ಲೋಕದಲ್ಲಿ ಇದೇ ಕಾರ್ಡ್ ಇಟ್ಟುಕೊಂಡವರು ಇನ್ನೂ ಸಾವಿರಾರು ಜನ ಇರಬಹುದು, ಕೆಟ್ಟಿದೆ ಎಂದು ದೂರಿದವರಿದ್ದಾರೆ, ನೋಡುತ್ತೇವೆ ಎಂದವರು ಇದುವರೆಗೆ ಇಲ್ಲ. ನೀವು ನೋಡುತ್ತೀರಾ?

"ಸಂಬಳ ಇಲ್ವಾ?" ಎಂದರು ಬನಾ ಮುತಾಲೆ.

"ಇಲ್ಲಮ್ಮ."

"ಪಿಂಚಣಿ?"

"ಇಲ್ಲ."

"ಹಾಗಾದ್ರೆ ಒಪ್ಕೋತಾರೆ ಬಿಡು. ಇವ್ರಿಗೆ ಅಂಥ ಕೆಲ್ಸನೇ ಇಷ್ಟ."

ಫ್ಯಾಕ್ಸನ್ ಹೆಂಡತಿಯ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರ ಮನಸ್ಸು ಆ ಸಾವಿರಾರು ಜನರ ಮೇಲಿತ್ತು. ಅವರ ಮನೆಯಲ್ಲೂ ಚೆಂಡು ಮರಳಿ ಬಂದಿರುತ್ತದೆ, ಯಾಕೆ ಬಂತೆಂದು ಅವರಿಗೆ ಗೊತ್ತಿರುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಇಷ್ಟು ವರ್ಷ ಇನ್ಯಾರೋ ನೋಡಿದ್ದರಿಂದ ತಮ್ಮ ಆರು ಯಂತ್ರ ನಡೆದವು.

"ನೋಡ್ತೀನಿ ಅಂತ ಬರಿ," ಎಂದರು. "ಆವೃತ್ತಿ ಹೊರಡೋ ದಿನಕ್ಕಿಂತ ಹತ್ತು ದಿನ ಮುಂಚೆ ಕಳಿಸೋಕೆ ಹೇಳು. ನಮ್ಮಲ್ಲಿ ಕರೆಂಟು ದಿನಕ್ಕೆ ನಾಲ್ಕೇ ಗಂಟೆ ಅಂತಾನೂ ಹೇಳು."

ಮುತಾಲೆ ಬರೆದಳು. ಮುಗಿಸಿ ಕಳಿಸುವ ಮೊದಲು, ಕೃತಜ್ಞತೆಗಳು ಎಂದು ಸೇರಿಸಲೇ ಎಂದು ಕೇಳಿದಳು.

"ಅದು ಮೊದಲನೇ ಸಾಲಲ್ಲಿ ಬರಬೇಕಿತ್ತು," ಎಂದರು ಫ್ಯಾಕ್ಸನ್. "ಮತ್ತೆ ಬರಿ."