ನನ್ನ ಸೋಲ್ಡರ್ ಬಿಟ್ಟಿಲ್ಲ

"ತಡೀರಿ ಕಾಕಾ, ಕೈ ಅಲ್ಲಾಡಿಸಬ್ಯಾಡ್ರಿ," ಅಂದು ಅವರ ಬಲಗೈಗೆ ಕಟ್ಟಿದ್ದ ನಮ್ಮ ಕಂಪನಿ ಪಟ್ಟಿ ಬಿಚ್ಚಿ ಟೇಬಲ್ ಮ್ಯಾಲ ಬೋರಲ ಹಾಕಿದೆ. ನಾಕು ಸ್ಕ್ರೂ ತೆಗದು ಭೂತಗನ್ನಡಿ ಹಿಡದೆ. ನಮ್ಮ ಮೇಡಂ ನನ್ನ ಹೆಗಲ ಹಿಂದಿಂದ ಬಗ್ಗಿ ನೋಡಾಕತ್ತಿದ್ರು.

"ಎಲ್ಲಿ ಬಿಟ್ಟಿದೆ ತೋರ್ಸಪ್ಪಾ," ಅಂದ್ರು.

"ಎಲ್ಲೂ ಬಿಟ್ಟಿಲ್ರಿ."

"ಸರಿಯಾಗಿ ನೋಡು. ಲೂಸ್ ಕನೆಕ್ಷನ್ ಇಲ್ದೆ ಹೀಗೆ ಸುಮ್‌ಸುಮ್ನೆ ಕಾಲ್ ಹೋಗಲ್ಲ."

ಚಿಮಟಾದಾಗ ಒಂದೊಂದ ವೈರ್ ಹಿಡದು ಜಗ್ಗಿದೆ. ಒಂದೂ ಕದಲಲಿಲ್ಲ. ಕದಲೂದೂ ಇಲ್ಲ, ನಾ ಹಚ್ಚಿದ್ದು.

ಇದು ಕುರಕುಂಭದ ಒಂದು ಕೆಮಿಕಲ್ ಫ್ಯಾಕ್ಟರಿ. ನಮ್ಮ ಕಂಪನಿ ಇರೂದು ಪುಣೆದಾಗ, ಒಂದು ಗ್ಯಾರೇಜಿನ ಮ್ಯಾಲಿನ ಮಾಳಗಿ, ಹನ್ನೊಂದ ಮಂದಿ. ನಾವು ಮಾಡೂದು ಒಂದು ಕನ್ನಡಕ, ಒಂದು ಕೈಪಟ್ಟಿ. ಕನ್ನಡಕದಾಗ ಕ್ಯಾಮೆರಾ ಅದ, ಮಷೀನಿನ ಮಾಹಿತಿ ಕಣ್ಣ ಮುಂದ ಕಾಣ್ತದ. ಬಟನ್ ಒತ್ತೂದಿಲ್ಲ, ಕೈ ಆಡಿಸಿದ್ರ ಸಾಕು, ಪಟ್ಟಿಗೆ ತಿಳೀತದ. ಅಂಗೈ ಮ್ಯಾಲ ಹೆಬ್ಬೆಟ್ಟ ತಿಕ್ಕಿದ್ರ ಹಾಳಿ ತಿರುಗ್ತದ. ಎರಡ ಸಲ ತಟ್ಟಿದ್ರ ನಮ್ಮ ಆಫೀಸಿಗೆ ವಿಡಿಯೋ ಕಾಲ್ ಹೋಗ್ತದ. ಈ ಸನ್ನೆ ಎಲ್ಲಾ ಇಟ್ಟಾಕಿ ಮೇಡಂ, ಮೈಸೂರ ಕಡೆಯವ್ರು, ಭಾಳ ಓದಿದಾಕಿ. ನಾ ಒಂಬತ್ತನೇ ಫೇಲ್. ಮೊಬೈಲ್ ರಿಪೇರಿ ಅಂಗಡ್ಯಾಗ ಕೈ ಪಳಗಿಸಿಕೊಂಡು ಇಲ್ಲಿ ಬಂದೆ. ಪಟ್ಟಿ ಅಷ್ಟೂ ನಾನೇ ಸೋಲ್ಡರ್ ಮಾಡ್ತೀನಿ, ಅಂದ್ರ ತವರ ಕರಗಿಸಿ ವೈರ್ ಬೆಸೀತೀನಿ.

ಪರೀಕ್ಷೆ ಮಾಡಿ ನೋಡ್ರಿ ಅಂತ ಈ ಫ್ಯಾಕ್ಟರಿಗೆ ಹನ್ನೆರಡ ಪಟ್ಟಿ ಕೊಟ್ಟಿದ್ವಿ. ದಿನಾ ಇಲ್ಲಿಂದ ಆಫೀಸಿಗೆ ಕಾಲ್ ಬರಾಕತ್ವು. ಎತ್ತಿದ್ರ ಬರೇ ತಗಡಿನ ಛಾವಣಿ. ಹಲೋ ಹಲೋ ಅಂದ್ರ ಉತ್ತರ ಇಲ್ಲ. ಮೀಟಿಂಗಿನಾಗ ಮೇಡಂ ಸೋಲ್ಡರ್ ಕಚ್ಚಾ ಅದ ಅಂದುಬಿಟ್ರು. ಮಾಲಕ ನನ್ನ ಕಡೆ ನೋಡಿ, ಹಂಗಿದ್ರ ಸೋಮವಾರದಿಂದ ಪಟ್ಟಿ ಕೆಲಸ ಹೊರಗ ಕೊಡ್ತೀನಿ ಅಂದ. ಅಂದ್ರ ನಾ ಮನಿಗೆ. ನಾನೇ ಬಂದು ಬಿಚ್ಚಿ ತೋರಸ್ತೀನಿ ಅಂದೆ. ಇಬ್ರೂ ಕಂಪನಿ ಗಾಡ್ಯಾಗ ಬಂದ್ವಿ. ಆಫೀಸಿಗೆ ಹೋಗೂ ಕಾಲ್ ಅವತ್ತ ಮೇಡಂ ತಮ್ಮ ಫೋನಿಗೆ ಬರೂಹಂಗ ಮಾಡ್ಕೊಂಡಿದ್ರು.

ಒಂದಾದ ಮ್ಯಾಲ ಒಂದು ಹನ್ನೆರಡೂ ಬಿಚ್ಚಿದೆ. ಹನ್ನೆರಡೂ ಗಟ್ಟಿ. ಮೇಡಂ ಮಾರಿ ಗಂಟ ಹಾಕ್ಕೊಂಡು, "ಹಾಗಾದ್ರೆ ವೈಬ್ರೇಶನ್ನಿಗೆ ಆಗ್ತಿರ್ಬೇಕು," ಅಂದ್ರು. ಇನ್ನೂ ನನ್ನ ಸೋಲ್ಡರ್ ಮ್ಯಾಲೇ ಕಣ್ಣು.

ಕಾಕಾ ಇಲ್ಲಿ ಪಂಪ್ ನೋಡ್ಕೋಳೋ ಆಪರೇಟರ್, ಅಕ್ಕಲಕೋಟ ಕಡೆಯವ್ರು, ಕನ್ನಡ ಬರ್ತದ. "ನಿಮ್ಮ ಜಗಳ ಆಮ್ಯಾಲ. ಮೊದಲ ಚಹಾ ಕುಡೀರಿ," ಅಂತ ಗೇಟಿನ ಕಡೆ ಕರಕೊಂಡು ಹೋದ್ರು. ಅಲ್ಲಿ ಕೂಡಾಕ ಒಂದು ತಗಡಿನ ಶೆಡ್. ಪಟ್ಟಿ ಮತ್ತ ಅವರ ಕೈಗೆ ಕಟ್ಟಿದ್ದೆ. ಚಹಾ ಕುಡದು ಕಾಕಾ ನಮ್ಮ ಕನ್ನಡಕ ತಲಿ ಮ್ಯಾಲ ಏರಿಸಿದ್ರು. ಕಿಸೆದಾಗಿಂದ ಪುಡಿಕಿ ತೆಗದ್ರು. ಫ್ಯಾಕ್ಟರ್ಯಾಗ ಬೆಂಕಿ ಭಯ, ಬೀಡಿ ಪೂರ್ತಿ ಬಂದ್, ಅದಕ್ಕ ಇಲ್ಲಿ ಎಲ್ಲಾರದ್ದೂ ತಂಬಾಕ. ಎಡ ಅಂಗೈ ಮ್ಯಾಲ ಹಾಕಿ, ಸುಣ್ಣ ಹಚ್ಚಿ, ಬಲ ಹೆಬ್ಬೆಟ್ಟಲೆ ತಿಕ್ಕಿ ತಿಕ್ಕಿ, ಧೂಳ ಹೋಗ್ಲಿ ಅಂತ ಚಪ್ ಚಪ್ ಎರಡ ಸಲ ತಟ್ಟಿದ್ರು.

ಮೇಡಂ ಫೋನ್ ಬಡಕೊಂಡ್ತು. ಎತ್ತಿದ್ರ ತಗಡಿನ ಛಾವಣಿ.

"ಕಾಕಾ, ಇನ್ನೊಮ್ಮೆ ತಟ್ರಿ," ಅಂದೆ.

"ಬಾಯಾಗ ಹಾಕ್ಕೊಂಡಾತಲ್ಲೋ."

"ಸುಳ್ಳೇ ತಟ್ರಿ."

ತಟ್ಟಿದ್ರು. ಫೋನ್ ಮತ್ತ ಬಡಕೊಂಡ್ತು.

ಮೇಡಂ ಬೆಂಚಿನ ಮ್ಯಾಲ ಕುಂತಬಿಟ್ರು. "ಆಫೀಸಲ್ಲಿ ತಿಂಗಳಗಟ್ಲೆ ಟೆಸ್ಟ್ ಮಾಡಿದೀನಿ, ಒಂದ್ಸಲನೂ ಹೀಗಾಗಿಲ್ಲ."

"ಆಫೀಸಿನಾಗ ತಂಬಾಕ ತಿನ್ನಾವ್ರು ಯಾರದಾರ್ರಿ? ನಿಮ್ಮದೆಲ್ಲಾ ಕಾಫಿ."

ಕಾಕಾ ಬಾಯಿ ಮ್ಯಾಲ ಕೈ ಇಟಗೊಂಡು ನಕ್ರು. "ಹಂಗಾರ ಇಪ್ಪತ್ತು ವರ್ಷದಿಂದ ನಾ ನಿಮ್ಮ ಆಫೀಸಿಗೆ ಫೋನ್ ಮಾಡಾಕತ್ತೀನಿ ಅನ್ರಿ!"

ಮೇಡಂಗೂ ನಗು ಬಂತು. ನಂಗ ಬರಲಿಲ್ಲ. "ಮಾಲಕಗ ಹೇಳ್ರಿ," ಅಂದೆ.

"ಸೋಮವಾರ ಮೀಟಿಂಗಲ್ಲಿ ಹೇಳ್ತೀನಿ."

"ಸೋಮವಾರ ನನ್ನ ಕೆಲಸ ಇರೂದಿಲ್ರಿ. ಈಗ ಹೇಳ್ರಿ, ನನ್ನ ಮುಂದ."

ಒಂದ ಕ್ಷಣ ನನ್ನ ನೋಡಿದ್ರು. ಸಿಟ್ಟ ಬಂತೋ ಏನೋ, ಬಂದ್ರ ಬರ್ಲಿ. ಫೋನ್ ಹಚ್ಚಿ ಸ್ಪೀಕರ್ ಹಾಕಿದ್ರು. "ಸರ್, ಸೋಲ್ಡರಿಂಗ್ ಕರೆಕ್ಟ್ ಇದೆ. ನಾನು ಇಟ್ಟ ಗೆಸ್ಚರ್ ತಪ್ಪು," ಅಂತ ಇಂಗ್ಲಿಷಿನಾಗ ಹೇಳಿದ್ರು. ಅಷ್ಟು ಇಂಗ್ಲಿಷ್ ನಂಗೂ ತಿಳೀತದ. ಓದಿದಾಕಿ ಆದ್ರೂ ಸುತ್ತಿಬಳಸಿ ಹೇಳಲಿಲ್ಲ, ಅದು ನಂಗ ಸೇರ್ತು.

ಮಾಲಕ ಮರಾಠಿಯಾಗ, ಮುಂದಿನ ಪಟ್ಟೀನೂ ಅವನೇ ಮಾಡ್ಲಿ ಅಂದ. ತಪ್ಪಾತು ಅಂತ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಅವತ್ತ ಸಂಜಿತನಾ ಮೇಡಂ ಅದೇ ಶೆಡ್ಡಿನಾಗ ಕುಂತು ಮಂದಿ ಕೈ ನೋಡಿದ್ರು. ಬೆವರ ಒರೆಸಿಕೊಳ್ಳೂದು, ಕೈಗವಸ ಝಾಡಿಸೂದು, ದೂರದಿಂದ ಗೆಳೆಯಾಗ ಬಾ ಅನ್ನೂದು, ಎಲ್ಲಾ ಬರ್ಕೊಂಡ್ರು. ಯಾರೂ ಸುಮ್ನ ಮಾಡದ ಸನ್ನೆ ಯಾವುದು ಅಂತ ನನ್ನೂ ಕೇಳಿದ್ರು. ಕಿರಿಬೆರಳ ಒಂದೇ ಮಡಚಿ ಹಿಡಿಯೂದು ಅಂದೆ. ಈಗ ಕಾಲ್ ಮಾಡಾಕ ಅದೇ ಸನ್ನೆ ಅದ. ಸುಳ್ಳ ಕಾಲ್ ನಿಂತಾವು. ಪಟ್ಟಿ ನಾನೇ ಮಾಡ್ತೀನಿ.

ಇಷ್ಟೇ. ಇದಕ್ಕಿಂತ ಹೆಚ್ಚಿಗೆ ಹೇಳಾಕ ನನ್ನ ಕಡೆ ಏನೂ ಇಲ್ಲ.